ಸಹಿ ಬೀಳುವ ಮುಂಚೆ ಕೈ ಪಳಗಲಿ

ಮಾನ್ಯ ಸಂಪಾದಕರೇ,

1957ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಒಂದೇ ಮೆಡಿಕಲ್ ಕಾಲೇಜಿಗೆ ಇಡೀ ಸೀಮೆ ಮುಖ ಮಾಡಿ ಕೂತಿದ್ದ ಕಾಲ ಹೋಯಿತು. ಈಗ ಧಾರವಾಡದ ಸತ್ತೂರು, ಗದಗದ ಮಲ್ಲಸಮುದ್ರ, ಈಚೆಗೆ ಹಾವೇರಿ, ಎಲ್ಲ ಕಡೆ ಎಂಬಿಬಿಎಸ್ ಓದುವವರಿದ್ದಾರೆ. ಸೀಟೆಷ್ಟು, ಹಾಸಿಗೆಯೆಷ್ಟು, ಕಟ್ಟಡ ಎಲ್ಲಿಗೆ ಬಂತು ಎಂಬುದು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಒಳಗಿನ ಹುಡುಗ ಹುಡುಗಿಯರ ಕೈ ಹೇಗೆ ಪಳಗುತ್ತದೆ ಎಂದು ಕೇಳುವವರು ಕಡಿಮೆ. 'ಹೊಸಾ ಡಾಕ್ಟರು ರಕ್ತ ತಗಿಯಾಕ ಮೂರು ಸಲ ಚುಚ್ಚಿದ್ರು' ಎಂದು ವಾರ್ಡಿನ ಹೊರಗೆ ಬೈಗುಳ ಕೇಳಿದಾಗಷ್ಟೇ ಆ ವಿಷಯ ನೆನಪಾಗುತ್ತದೆ. ಮೂರು ಸಲ ಚುಚ್ಚಿದ್ದಕ್ಕೆ ಆ ಹೊಸ ಡಾಕ್ಟರನ್ನು ಬೈದು ಫಲವಿಲ್ಲ. ಕಲಿಸಿದ ರೀತಿಯಲ್ಲೇ ತಪ್ಪಿದೆ. ಇದು ಯಾವುದೋ ಒಂದು ಕಾಲೇಜಿನ ಮೇಲಿನ ದೂರಲ್ಲ. ರೋಗಿಗಳು ಹೆಚ್ಚು, ಬೋಧಕರು ಕಡಿಮೆ ಇರುವ ಎಲ್ಲ ಕಡೆಯ ಹಣೆಬರಹ.

2019ರಲ್ಲಿ ಸೇರಿದ ಬ್ಯಾಚಿನಿಂದ ದೇಶದ ಎಂಬಿಬಿಎಸ್ ಪಠ್ಯಕ್ರಮ ಬದಲಾಗಿ ಸಾಮರ್ಥ್ಯ ಆಧಾರಿತವಾಯಿತು. ಪ್ರತಿಯೊಂದು ವಿಷಯದ ಮುಂದೆ ಮಟ್ಟ ನಮೂದಾಗಿದೆ: ತಿಳಿದಿದ್ದರೆ ಸಾಕು, ಹೇಗೆ ಮಾಡುವುದೆಂದು ಹೇಳಬಲ್ಲ, ಮಾಡಿ ತೋರಿಸಬಲ್ಲ, ಯಾರ ನೆರವೂ ಇಲ್ಲದೆ ತಾನೇ ಮಾಡಬಲ್ಲ. ಮಾಡಿದ್ದಕ್ಕೆಲ್ಲ ಲಾಗ್‌ಬುಕ್‌ನಲ್ಲಿ ಸಹಿ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಆದರೆ ನಡೆಯುವುದು ಬೇರೆ. ಇಪ್ಪತ್ತೈದು ಮಂದಿ ಒಂದು ಹಾಸಿಗೆಯ ಸುತ್ತ ನಿಲ್ಲುತ್ತಾರೆ; ಮುಂದಿನ ಸಾಲಿನ ಐವರಿಗೆ ಕೈ ಕಾಣುತ್ತದೆ, ಉಳಿದವರಿಗೆ ಮುಂದಿನವರ ಬೆನ್ನು. ಪೋಸ್ಟಿಂಗ್, ಅಂದರೆ ಆ ವಾರ್ಡಿನ ಕಲಿಕೆಯ ಸರದಿ, ಮುಗಿಯುವ ದಿನ ಲಾಗ್‌ಬುಕ್‌ಗಳ ಕಟ್ಟು ಮೇಜಿಗೆ ಬರುತ್ತದೆ, ಒಂದೇ ಕೂರಿಕೆಯಲ್ಲಿ ಸಹಿ ಬೀಳುತ್ತದೆ. ನೋಡಿದ್ದು, ಮಾಡಿದ್ದು, ಮಾಡಬಲ್ಲದ್ದು ಎಲ್ಲಕ್ಕೂ ಒಂದೇ ಶಾಯಿ.

ರಕ್ತ ತೆಗೆಯುವುದನ್ನೇ ತೆಗೆದುಕೊಳ್ಳೋಣ. ಕೈಕೆಲಸ ಕಲಿಸಲು ಪೇಟನ್ ಹೆಸರಿನ ನಾಲ್ಕು ಹೆಜ್ಜೆಯ ಕ್ರಮವೊಂದಿದೆ. ಮೊದಲು ಬೋಧಕರು ಮಾತಾಡದೆ, ವಾರ್ಡಿನಲ್ಲಿ ಮಾಡುವ ವೇಗದಲ್ಲೇ ಮಾಡಿ ತೋರಿಸಬೇಕು. ಎರಡನೆಯ ಸಲ ನಿಧಾನವಾಗಿ, ಪ್ರತಿ ಹೆಜ್ಜೆಗೂ ಯಾಕೆಂದು ಹೇಳುತ್ತ ಮಾಡಬೇಕು. ಮೂರನೆಯ ಸಲ ವಿದ್ಯಾರ್ಥಿ ಬಾಯಲ್ಲಿ ಹೇಳಬೇಕು, ಬೋಧಕರು ಅವನು ಹೇಳಿದಷ್ಟನ್ನೇ ಮಾಡಬೇಕು. ನಾಲ್ಕನೆಯ ಸಲ ವಿದ್ಯಾರ್ಥಿ ಹೇಳುತ್ತ ತಾನೇ ಮಾಡಬೇಕು. ಹೊತ್ತಿಲ್ಲವೆಂದು ಎಲ್ಲ ಕಡೆ ಬಿಟ್ಟುಬಿಡುವುದು ಮೂರನೆಯದನ್ನು. ಕಲಿಕೆ ಕೂರುವುದು ಅಲ್ಲೇ. ವಿದ್ಯಾರ್ಥಿ 'ಈಗ ಸೂಜಿ ಹೊರಗೆ ತೆಗೀರಿ' ಎಂದಾಗ ಬೋಧಕರು ತೋಳಿಗೆ ಬಿಗಿದು ಕಟ್ಟಿದ ಪಟ್ಟಿ ಬಿಚ್ಚದೆಯೇ ಸೂಜಿ ಎಳೆಯಬೇಕು. ಅಭ್ಯಾಸಕ್ಕೆಂದೇ ಮಾಡಿದ ಮಾದರಿ ತೋಳಿನಿಂದ ಕೆಂಪು ನೀರು ಚಿಮ್ಮಬೇಕು. ಮುಂದೆ ಆ ಹುಡುಗ ಪಟ್ಟಿ ಬಿಚ್ಚುವುದನ್ನು ಮರೆಯುವುದಿಲ್ಲ. ಒಂದು ತೋಳಿಗೆ ಐದಾರು ಮಂದಿ ಮೀರಿದರೆ ಈ ಕ್ರಮ ಕೆಡುತ್ತದೆ.

ಮೂರನೆಯ ಹೆಜ್ಜೆಯಲ್ಲಿ ಅವನ ಬಾಯಿಂದ ಏನೇನು ಬರಬೇಕು? ಮೊಟ್ಟಮೊದಲು ಹೆಸರು. 'ನೀವು ಬಸವ್ವ ಹೌದಲ್ಲೋ?' ಎಂದು ಕೇಳಬಾರದು. ನಮ್ಮ ಕಡೆ ಹಿರಿಯರು ಬಿಳಿ ಕೋಟು ಕಂಡರೆ ಯಾವ ಹೆಸರಿಗೂ 'ಹೌದ್ರಿ' ಎಂದುಬಿಡುತ್ತಾರೆ, ಒಂದೇ ವಾರ್ಡಿನಲ್ಲಿ ಇಬ್ಬರು ಬಸವ್ವಂದಿರು ಇರುವುದೂ ಉಂಟು. 'ನಿಮ್ಮ ಹೆಸರು, ಊರು ಹೇಳ್ರಿ' ಎಂದು ಕೇಳಿ, ಕೇಸ್ ಶೀಟಿನ ನಂಬರಿನೊಂದಿಗೆ ತಾಳೆ ನೋಡಬೇಕು. ಚುಚ್ಚುವ ಜಾಗದಿಂದ ನಾಲ್ಕು ಬೆರಳು ಮೇಲೆ ಪಟ್ಟಿ ಕಟ್ಟಬೇಕು, ಒಂದು ನಿಮಿಷ ದಾಟಬಾರದು. ದಾಟಿದರೆ ರಕ್ತ ಗಟ್ಟಿಯಾಗಿ ಪ್ರೋಟೀನಿನಂಥ ಅಂಕಿಗಳು ಸುಳ್ಳೇ ಏರುತ್ತವೆ. ಮುಷ್ಟಿ ಹಿಡಿ, ಬಿಡು ಎಂದು ಪದೇ ಪದೇ ಹಿಸುಕಿಸಿದರೆ ಪೊಟ್ಯಾಷಿಯಂ ಏರುತ್ತದೆ. ಸ್ಪಿರಿಟ್ ಒರೆಸಿದ ಮೇಲೆ ಮೂವತ್ತು ಸೆಕೆಂಡು ಆರಲು ಬಿಡಬೇಕು. ಹಸಿಯಲ್ಲೇ ಚುಚ್ಚಿದರೆ ರೋಗಿಗೆ ಉರಿ, ರಕ್ತಕಣಗಳೂ ಒಡೆಯಬಹುದು. ಸೂಜಿಯ ಓರೆ ಬಾಯಿ ಮೇಲಕ್ಕೆ, ಕೋನ ಹದಿನೈದರಿಂದ ಮೂವತ್ತು ಡಿಗ್ರಿ.

ಆಮೇಲೆ ರಕ್ತ ತುಂಬುವ ಟ್ಯೂಬುಗಳ ಸರದಿ; ಬೇರೆ ಬೇರೆ ಪರೀಕ್ಷೆಗೆ ಬೇರೆ ಬೇರೆ ಬಣ್ಣದ ಮುಚ್ಚಳ. ಮೊದಲು ನೀಲಿ ಮುಚ್ಚಳ, ನಂತರ ಕೆಂಪು ಇಲ್ಲವೆ ಹಳದಿ, ಆಮೇಲೆ ಹಸಿರು, ನೇರಳೆ, ಕೊನೆಗೆ ಬೂದು. ರಕ್ತದಲ್ಲಿ ರೋಗಾಣು ಹುಡುಕುವ ಬ್ಲಡ್ ಕಲ್ಚರ್ ಇದ್ದರೆ ಎಲ್ಲಕ್ಕಿಂತ ಮೊದಲು ಅದು. ವಿದ್ಯಾರ್ಥಿಗಳು ಈ ಸರದಿಯನ್ನು ಉರು ಹೊಡೆಯುತ್ತಾರೆ, ಕಾರಣ ತಿಳಿಯದ್ದರಿಂದ ವಾರ್ಡಿನಲ್ಲಿ ಮರೆಯುತ್ತಾರೆ. ನೇರಳೆ ಟ್ಯೂಬಿನಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಪೊಟ್ಯಾಷಿಯಂ ಸೇರಿದ ಇಡಿಟಿಎ ಎಂಬ ರಾಸಾಯನಿಕ. ಅದರ ಒಂದು ಹನಿ ಕೆಂಪು ಟ್ಯೂಬಿಗೆ ಹೋದರೂ ವರದಿಯಲ್ಲಿ ಪೊಟ್ಯಾಷಿಯಂ ಜಿಗಿಯುತ್ತದೆ, ಕ್ಯಾಲ್ಷಿಯಂ ಕುಸಿಯುತ್ತದೆ. ರಾತ್ರಿ ಎರಡಕ್ಕೆ ಆ ವರದಿ ನೋಡಿದ ಡ್ಯೂಟಿ ಡಾಕ್ಟರು ಇಲ್ಲದ ಕಾಯಿಲೆಗೆ ಔಷಧಿ ಏರಿಸಲು ಓಡುತ್ತಾರೆ. ನೀಲಿ ಟ್ಯೂಬಿಗೆ ಗೆರೆಯವರೆಗೆ ರಕ್ತ ತುಂಬಲೇಬೇಕು: ಅದರಲ್ಲಿರುವ, ಹೆಪ್ಪು ತಡೆಯುವ 0.2 ಮಿಲಿ ಸಿಟ್ರೇಟಿಗೆ 1.8 ಮಿಲಿ ರಕ್ತ. ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವ ಸಮಯ ಹೆಚ್ಚು ತೋರಿಸುತ್ತದೆ, ಆಗಬೇಕಿದ್ದ ಆಪರೇಷನ್ ಮುಂದಕ್ಕೆ ಹೋಗುತ್ತದೆ. ನೇರಳೆಯದನ್ನು ಎಂಟು ಹತ್ತು ಸಲ ಮೆಲ್ಲಗೆ ತಿರುವಿ ಮುರುವಿ ಮಾಡಬೇಕು, ಕುಲುಕಬಾರದು. ಪಟ್ಟಿ ಬಿಚ್ಚಿದ ಮೇಲೆ ಸೂಜಿ ಹೊರಗೆ. ಹತ್ತಿ ಒತ್ತಿ ಹಿಡಿಯಬೇಕು. ಮೊಣಕೈ ಮಡಿಸಿಕೊಳ್ಳಿ ಎನ್ನುವುದು ಎಲ್ಲೆಡೆ ರೂಢಿಯಾದ ತಪ್ಪು, ಅದರಿಂದಲೇ ಕೈ ಕಪ್ಪುಗಟ್ಟುವುದು. ಸೂಜಿಗೆ ಮತ್ತೆ ಮುಚ್ಚಳ ಹಾಕುವಂತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸೂಜಿ ತೂತಾಗದ ಬಿಳಿ ಡಬ್ಬಿಗೆ, ಸೂಜಿ ತೆಗೆದ ಸಿರಿಂಜು ಕೆಂಪು ಚೀಲಕ್ಕೆ. ಹೆಸರಿನ ಚೀಟಿ ಹಾಸಿಗೆಯ ಪಕ್ಕದಲ್ಲೇ ಅಂಟಬೇಕು. ಐದು ಜನರ ರಕ್ತ ತೆಗೆದುಕೊಂಡು ಬಂದು ಸಿಸ್ಟರ್ ಮೇಜಿನ ಮೇಲೆ ಹೆಸರು ಬರೆಯುವುದೆಂದರೆ ಲಾಟರಿ ಆಡಿದಂತೆ.

ಮಾದರಿ ತೋಳು ದುಬಾರಿ ಎಂಬ ಮಾತು ಬರುತ್ತದೆ. ನಿಜ ಹೇಳಬೇಕೆಂದರೆ ತೋಳು ಖರೀದಿ ಆಗಿರುತ್ತದೆ, ಅದಕ್ಕೆ ಹೊದಿಸುವ ಬದಲಿ ಚರ್ಮ ಮತ್ತು ನಾಳದ ಕೊಳವೆ ಖರೀದಿ ಆಗಿರುವುದಿಲ್ಲ. ಚುಚ್ಚಿ ಚುಚ್ಚಿ ಜರಡಿಯಾದ ಮೇಲೆ ಅದನ್ನು ಗಾಜಿನ ಕಪಾಟಿನಲ್ಲಿಟ್ಟು ತಪಾಸಣೆಗೆ ಬಂದವರಿಗೆ ತೋರಿಸಲಾಗುತ್ತದೆ. ಅಷ್ಟರವರೆಗೆ ಕೆಲಸ ನಿಲ್ಲಬೇಕಿಲ್ಲ. ಹಾಸಿಗೆ ಅಂಗಡಿಯ ಸ್ಪಂಜಿನ ತುಂಡಿನಲ್ಲಿ ಉದ್ದಕ್ಕೆ ಸೀಳಿ, ಬಳಸದ ಹೊಸ ಸಲೈನ್ ಸೆಟ್ಟಿನ ಕೊಳವೆ ಕೂರಿಸಿ, ಮೇಲೆ ಗ್ಲೌಸಿನ ರಬ್ಬರು ಬಿಗಿದು, ಬಣ್ಣದ ನೀರಿನ ಬಾಟಲಿಯನ್ನು ಸ್ಟ್ಯಾಂಡಿಗೆ ನೇತುಹಾಕಿ ಆಚೆ ತುದಿ ಕಟ್ಟಿದರೆ ಸಾಕು. ಹತ್ತಿಪ್ಪತ್ತು ಚುಚ್ಚಿಗೆ ಸೋರತೊಡಗುತ್ತದೆ, ಆಗ ಕೊಳವೆ ಜರುಗಿಸಬೇಕು. ಒಂದು ಕೊರತೆ ಇದೆ: ಪ್ಲಾಸ್ಟಿಕ್ ಕೊಳವೆ ನಿಜವಾದ ನರಕ್ಕಿಂತ ಗಡಸು, ಬೆರಳಿಗೆ ಸಿಗುವ ಮೆತ್ತನೆಯ ಪುಟಿತ ಇಲ್ಲಿ ಸಿಗದು. ಆ ಪುಟಿತವನ್ನು ಗೆಳೆಯರ ಕೈ ಮುಟ್ಟಿಯೇ ಕಲಿಯಬೇಕು, ಚುಚ್ಚದೆ.

ಹೊಲಿಗೆ ಕಲಿಸಲು ಬಾಳೆಹಣ್ಣಿನ ಸಿಪ್ಪೆಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಗಂಟು ತುಸು ಬಿಗಿಯಾದರೂ ದಾರ ಸಿಪ್ಪೆಯನ್ನು ಕತ್ತರಿಸಿಬಿಡುತ್ತದೆ; ಮನುಷ್ಯರ ಚರ್ಮದ ಅಂಚು ಬಿಳಿಚಿ ಸಾಯುವುದೂ ಅದೇ ತಪ್ಪಿನಿಂದ. ಮುಂದಿನ ಮೆಟ್ಟಿಲು ಕೋಳಿ ಕಾಲು. ಇಲ್ಲಿ ಅಂಗಡಿಯವರು ಕೇಳುವ ಮೊದಲೇ ಚರ್ಮ ಸುಲಿದುಬಿಡುತ್ತಾರೆ, 'ಚರ್ಮ ತಗೀಬ್ಯಾಡ್ರಿ' ಎಂದು ಹೇಳಿ ತರಿಸಬೇಕು. ಸೂಜಿಯನ್ನು ದಾರದ ಕಡೆಯಿಂದ ಮೂರನೇ ಒಂದು ಭಾಗದಲ್ಲಿ ಹಿಡಿಯಬೇಕು, ಚರ್ಮಕ್ಕೆ ನೇರ ಲಂಬವಾಗಿ ಇಳಿಸಬೇಕು, ಗಂಟು ಗಾಯದ ಗೆರೆಯ ಮೇಲೆ ಕೂರದೆ ಪಕ್ಕಕ್ಕೆ ಬರಬೇಕು.

'ಬಿಪಿ ನೋಡೂದು ಯಾರಿಗೆ ಬರೂದಿಲ್ಲ?' ಎಂದು ನಗುವವರೇ ಹೆಚ್ಚು. ಅತಿ ಹೆಚ್ಚು ತಪ್ಪಾಗುವ ಕೆಲಸವೂ ಇದೇ. ಬಸ್ಸಿಳಿದು ಒಪಿಡಿ ಸಾಲಿನಲ್ಲಿ ನಿಂತು ಬಂದ ರೈತನನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗಿಯ ತೋಳಿನ ಮೇಲೇ ಪಟ್ಟಿ ಸುತ್ತಿ, 'ಹೊಲಕ್ಕ ಏನ್ ಹಾಕೀರಿ' ಎಂದು ಮಾತಾಡಿಸುತ್ತ ಬಿಪಿ ನೋಡಿದರೆ ಬರುವ ಅಂಕಿ ಅವನದಲ್ಲ. ಐದು ನಿಮಿಷ ಬೆನ್ನು ಆನಿಸಿ ಕೂರಬೇಕು, ಕಾಲು ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟದಲ್ಲಿ ಆಸರೆಗಿರಬೇಕು, ಇಬ್ಬರೂ ಮಾತಾಡಬಾರದು. ಪಟ್ಟಿಯೊಳಗಿನ ರಬ್ಬರು ಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನು ಸುತ್ತಬೇಕು, ಅಗಲ ಶೇ 40ರಷ್ಟಿರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ, ಜೀವನಪೂರ್ತಿ ಗುಳಿಗೆ ಅಂಟುತ್ತದೆ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಪಟ್ಟಿಗೆ ಗಾಳಿ ತುಂಬುತ್ತ, ನಾಡಿ ನಿಂತ ಅಂಕಿಗಿಂತ ಮೂವತ್ತು ಮೇಲಕ್ಕೆ ಏರಿಸಿ, ಸೆಕೆಂಡಿಗೆ ಎರಡು ಮಿಲಿಮೀಟರಿನಂತೆ ಇಳಿಸಬೇಕು.

ಕೇಸ್ ಶೀಟುಗಳನ್ನು ತಿರುವಿ ನೋಡಿ: 120/80, 130/90, 140/90. ಎಲ್ಲದರ ಬಾಲಕ್ಕೂ ಸೊನ್ನೆ. ಪಾದರಸದ ಅಥವಾ ಮುಳ್ಳಿನ ಯಂತ್ರದಲ್ಲಿ ಗೆರೆಗಳು ಎರಡೆರಡಕ್ಕೆ ಇರುತ್ತವೆ. ಆ ಯಂತ್ರದಲ್ಲಿ ನೋಡಿ 125 ಎಂದು ಬರೆದಿದ್ದರೆ ಅದು ಓದಿದ್ದಲ್ಲ, ಊಹಿಸಿದ್ದು. ಇದನ್ನು ಹಿಡಿಯಲು ಅಗ್ಗದ ಸಾಧನವಿದೆ: ಎರಡು ಜೋಡಿ ಕಿವಿಕೊಳವೆ ಇರುವ ಬೋಧನಾ ಸ್ಟೆತೊಸ್ಕೋಪು. ಬೋಧಕರೂ ವಿದ್ಯಾರ್ಥಿಯೂ ಒಂದೇ ಸದ್ದು ಕೇಳಿ, ಬೇರೆ ಬೇರೆ ಚೀಟಿಯಲ್ಲಿ ಬರೆದು, ಆಮೇಲೆ ಹೋಲಿಸಬೇಕು. ನಾಲ್ಕಕ್ಕಿಂತ ಹೆಚ್ಚು ಅಂತರ ಬಂದರೆ ಇನ್ನೊಮ್ಮೆ. ಬಾಯಿಮಾತಿನ ಪಾಠ ಗಂಟೆಗಟ್ಟಲೆ ಮಾಡಿದರೂ ಈ ಚೀಟಿಯಷ್ಟು ಕಲಿಸುವುದಿಲ್ಲ.

ಎದೆ ಒತ್ತುವ ಸಿಪಿಆರ್ ಬಗ್ಗೆ ಒಂದೇ ಮಾತು. ನಿಮಿಷಕ್ಕೆ 100ರಿಂದ 120, ಆಳ ಐದರಿಂದ ಆರು ಸೆಂಟಿಮೀಟರ್, ಮೂವತ್ತಕ್ಕೆ ಎರಡು ಉಸಿರು, ಎರಡು ನಿಮಿಷಕ್ಕೆ ಆಳು ಬದಲು ಎಂಬುದನ್ನೆಲ್ಲ ನೆಲದ ಮೇಲಿನ ಬೊಂಬೆಯಲ್ಲಿ ಕಲಿಸಿ ಬಿಡುತ್ತಾರೆ. ವಾರ್ಡಿನಲ್ಲಿ ಮೆತ್ತನೆಯ ಹಾಸಿಗೆಯ ಮೇಲೆ ಒತ್ತಿದಾಗ ತಗ್ಗುವುದು ಎದೆಯಲ್ಲ, ಗಾದಿ. ಬೆನ್ನ ಕೆಳಗೆ ಹಲಗೆ ಹಾಕುವುದನ್ನು ಗಾದಿಯ ಮೇಲೆಯೇ ಕಲಿಸಬೇಕು.

ಇನ್ನು ಮಾತು. ಎಟ್‌ಕಾಮ್ ಎಂಬ 27 ಘಟಕಗಳ ಪಾಠವನ್ನು ಪಠ್ಯಕ್ರಮವೇ ಕಡ್ಡಾಯ ಮಾಡಿದೆ: ನಡವಳಿಕೆ, ನೀತಿ, ಸಂವಹನ. ಬಹಳ ಕಡೆ ಅದು ಇಂಗ್ಲಿಷಿನ ಸ್ಲೈಡುಗಳಲ್ಲಿ ಮುಗಿಯುತ್ತದೆ. ರೋಗಿ ಮಾತಾಡುವುದು ನವಲಗುಂದ, ರೋಣ, ಹಾನಗಲ್ಲಿನ ಕನ್ನಡ. ಅಖಿಲ ಭಾರತ ಕೋಟಾದಲ್ಲಿ ಬಂದವರ ಮಾತಿರಲಿ, ಮೈಸೂರು ಬೆಂಗಳೂರಿನ ಕನ್ನಡದ ಮಕ್ಕಳೂ ಇಲ್ಲಿ ಎಡವುತ್ತಾರೆ. 'ಬ್ಯಾನಿ' ಎಂದರೆ ನೋವೂ ಹೌದು, ಕಾಯಿಲೆಯೂ ಹೌದು, ಬಸುರಿಯ ಬಾಯಲ್ಲಿ ಹೆರಿಗೆ ನೋವು. 'ತೇಕು ಹತ್ತತೈತಿ' ಎಂದರೆ ಉಸಿರು ಕಟ್ಟುತ್ತದೆ. 'ಹೊಟ್ಟಿ ಕಡಿಯಾಕತ್ತೈತಿ', 'ಜೋಮ ಹಿಡದೈತಿ', 'ಚಕ್ಕರ ಬರ್ತಾವ', 'ಕೈಕಾಲ ಹರಿಯಾಕತ್ತಾವ' ಇವೆಲ್ಲ ಬೇರೆ ಬೇರೆ ದಾರಿಗೆ ಒಯ್ಯುವ ಮಾತುಗಳು. ಕೊನೆಯ ಮುಟ್ಟಿನ ದಿನಾಂಕ ಕೇಳಿದರೆ ಹಳ್ಳಿಯ ಹೆಣ್ಣುಮಗಳು ತಲೆ ತಗ್ಗಿಸಿ ಸುಮ್ಮನಾಗುತ್ತಾಳೆ. 'ಹೊರಗಾಗಿ ಎಷ್ಟ ದಿನಾ ಆತು' ಎಂದರೆ ಅಮವಾಸ್ಯೆ ಲೆಕ್ಕ ಹಿಡಿದು ಸರಿಯಾಗಿ ಹೇಳುತ್ತಾಳೆ. ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೆ ಜಾಗವಿದೆ. ಅಲ್ಲಿ ಅ ಆ ಇ ಈ ಬರೆಸುವ ಬದಲು ಇಂಥ ನೂರು ಮಾತು ಕಲಿಸಿದರೆ ಐದೂವರೆ ವರ್ಷ ಉಪಯೋಗಕ್ಕೆ ಬರುತ್ತದೆ. ಕಲಿಸಲು ಯೋಗ್ಯರು ವಾರ್ಡಿನ ಆಯಾಗಳು ಮತ್ತು ಆಶಾ ಕಾರ್ಯಕರ್ತೆಯರು.

ಕರೆಯುವ ರೀತಿಯೂ ಪಾಠದ ವಿಷಯವೇ. ಮನೆಯಲ್ಲಿ ಮೊಮ್ಮಗ 'ಯವ್ವಾ, ನೀ ಉಂಡಿ?' ಎಂದರೆ ಅದು ಪ್ರೀತಿ. ಅದೇ 'ನೀ' ಗುರುತಿಲ್ಲದ ಬಿಳಿ ಕೋಟಿನಿಂದ ಬಂದರೆ ಮುದುಕಿಗೆ ಚುಚ್ಚುತ್ತದೆ. 'ಯವ್ವಾ' ಎನ್ನಲಿ, ಜತೆಗೆ 'ರೀ' ಇರಲಿ: 'ಯವ್ವಾರ, ಸ್ವಲ್ಪ ಬಲಕ್ಕ ಹೊಳ್ಳಿ ಮಲಗ್ರಿ.'

ಸಂವಹನ ಕಲಿಸಲು ತರಬೇತಾದ ನಕಲಿ ರೋಗಿಗಳು ಬೇಕು. ಧಾರವಾಡದಲ್ಲಿ ರಂಗಾಯಣವಿದೆ, ಗದಗ ಹಾವೇರಿಯಲ್ಲಿ ನಾಟಕದ ಚಟ ಹತ್ತಿಸಿಕೊಂಡವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಬೇಕಾದದ್ದು ಒಂದು ಪುಟದ ಬರಹ: ರೋಗಿಯ ಮೊದಲ ವಾಕ್ಯ ಯಾವುದು, ಕೇಳಿದರೆ ಮಾತ್ರ ಹೇಳಬೇಕಾದದ್ದು ಯಾವುದು, ಯಾವಾಗ ಕಣ್ಣೀರು, ಯಾವಾಗ ಸಿಟ್ಟು. ಎಂಟು ನಿಮಿಷ ಮಾತುಕತೆ, ಹತ್ತು ನಿಮಿಷ ವಿಮರ್ಶೆ. ಕಲಾವಿದರನ್ನು ಕರೆದರೆ ಒಂದು ತೊಂದರೆ: ಅಭಿನಯ ರಂಗೇರಿ ಕತೆ ಬೆಳೆಯುತ್ತ ಹೋಗುತ್ತದೆ. ಹತ್ತನೆಯ ವಿದ್ಯಾರ್ಥಿಗೂ ಮೊದಲನೆಯವನಿಗೆ ಹೇಳಿದ್ದನ್ನೇ, ಅಷ್ಟೇ ಹೇಳಬೇಕೆಂದು ಮುಂಚೆಯೇ ಕಟ್ಟುಪಾಡು ಮಾಡಿರಬೇಕು. ಕೊನೆಗೆ ಪಾತ್ರದಲ್ಲೇ ಉಳಿದು ಒಂದು ಮಾತು ಹೇಳಬೇಕು: 'ನಾ ಹೇಳೂದು ಮುಗಿಯೂ ಮೊದ್ಲ ನೀವು ಬರಿಯಾಕ ಹತ್ತಿದ್ರಿ.' ಪ್ರೊಫೆಸರು ಅದನ್ನೇ ಹತ್ತು ಸಲ ಹೇಳಿದರೂ ಇಷ್ಟು ನಾಟುವುದಿಲ್ಲ.

ಕೆಟ್ಟ ಸುದ್ದಿ ಹೇಳಲು ಆರು ಹೆಜ್ಜೆಯ ಕ್ರಮವೊಂದನ್ನು ಪುಸ್ತಕಗಳು ಕೊಡುತ್ತವೆ: ತಕ್ಕ ಜಾಗ, ಅವರಿಗೆ ಏನು ಗೊತ್ತಿದೆ ಎಂದು ಕೇಳುವುದು, ಎಷ್ಟು ತಿಳಿಯಬೇಕೆಂದು ಕೇಳುವುದು, ಸರಳ ಮಾತಲ್ಲಿ ಹೇಳುವುದು, ದುಃಖಕ್ಕೆ ಎಡೆ ಕೊಡುವುದು, ಮುಂದಿನ ದಾರಿ ಹೇಳುವುದು. ನಮ್ಮಲ್ಲಿ ಎರಡನೆಯ ಹೆಜ್ಜೆಗೇ ಮಗ ಬಾಗಿಲಲ್ಲಿ ಅಡ್ಡ ನಿಲ್ಲುತ್ತಾನೆ: 'ಸಾಹೇಬ್ರ, ಅಪ್ಪಗ ಹೇಳಬ್ಯಾಡ್ರಿ, ಎದಿ ಒಡಕೋತಾನ.' ಆರು ಹೆಜ್ಜೆಗಳಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಆದ್ದರಿಂದ ಅಭ್ಯಾಸದ ಬರಹದಲ್ಲಿ ಆ ಮಗನ ಪಾತ್ರವೂ ಇರಬೇಕು. ಮೊದಲು ಅವನ ಅಂಜಿಕೆ ಕೇಳುವುದು, 'ಅವರಾಗೇ ಕೇಳಿದ್ರ ನಾ ಸುಳ್ಳು ಹೇಳಾಕ ಆಗೂದಿಲ್ಲ, ಅವರಿಗೆ ಎಷ್ಟು ಬೇಕೋ ಅಷ್ಟ ಹೇಳತೇನಿ' ಎನ್ನುವುದನ್ನು ಬಾಯಿಬಿಟ್ಟು ರೂಢಿ ಮಾಡಿಸಬೇಕು. ಗುಳಿಗೆ ಚೀಟಿಯದ್ದೂ ಇದೇ ಕತೆ. 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಎಂದು ಬರೆದು ಕೊಟ್ಟರೆ ಸಾಲದು. 'ನಾ ಬರೋಬರಿ ಹೇಳೀನೋ ಇಲ್ಲೋ ನೋಡೂಣು, ಮನಿಗೆ ಹೋಗಿ ಹೆಂಗ ತಗೋತೀರಿ, ಒಮ್ಮೆ ಹೇಳ್ರಿ' ಎಂದು ಕೇಳಿ ಅವರ ಬಾಯಿಂದ ಹೇಳಿಸಬೇಕು. 'ತಿಳೀತಲ್ಲ?' ಎಂದರೆ ಉತ್ತರ ಯಾವಾಗಲೂ 'ಹೂನ್ರಿ'.

ಪರೀಕ್ಷೆಗೆ 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಹಾರ್ಡನ್ ಮತ್ತು ಸಂಗಡಿಗರು ಪರಿಚಯಿಸಿದ ಓಸ್ಕಿ ಪದ್ಧತಿ ಇಂದು ಎಲ್ಲೆಡೆ ಇದೆ. ಮೇಜಿನಿಂದ ಮೇಜಿಗೆ ಹೋಗಿ ಒಂದೊಂದರಲ್ಲಿ ಒಂದು ಕೆಲಸ ಮಾಡಿ ತೋರಿಸುವುದು. ಲೆಕ್ಕ ಮೊದಲೇ ಹಾಕಿಕೊಳ್ಳದಿದ್ದರೆ ಇದು ಸಂತೆಯಾಗುತ್ತದೆ. ಹತ್ತು ಮೇಜು, ಐದು ನಿಮಿಷ ಕೆಲಸ, ಒಂದು ನಿಮಿಷ ಬದಲಾವಣೆ ಎಂದರೆ ಹತ್ತು ಮಂದಿಗೆ ಒಂದು ಗಂಟೆ. ನೂರೈವತ್ತು ಮಂದಿಗೆ ಹದಿನೈದು ಗಂಟೆ. ಎರಡು ಸಾಲು ಒಟ್ಟಿಗೆ ನಡೆಸಿದರೂ ಏಳೂವರೆ ಗಂಟೆ, ಅಂದರೆ ಎರಡು ದಿನ ಇಟ್ಟುಕೊಳ್ಳುವುದೇ ಕ್ಷೇಮ. ಹತ್ತರಲ್ಲಿ ನಾಲ್ಕು ಮೇಜು ಎಕ್ಸ್‌ರೇ ಓದುವ, ಚೀಟಿ ಬರೆಯುವ ತರಹದವಾದರೆ ಅಲ್ಲಿ ಪರೀಕ್ಷಕರೇ ಬೇಡ. ಓಸ್ಕಿಯ ದೊಡ್ಡ ರೋಗ ಬೇರೆ: ವಿದ್ಯಾರ್ಥಿ 'ಕೈ ತೊಳೆದಿದ್ದೇನೆ ಸರ್' ಎಂದು ಬಾಯಲ್ಲಿ ಹೇಳುತ್ತಾನೆ, ಪರೀಕ್ಷಕರು ಅಂಕ ಕೊಡುತ್ತಾರೆ. ಮೇಜಿನ ಮೇಲೆ ಸ್ಯಾನಿಟೈಸರ್ ಬಾಟಲಿ ಇಟ್ಟು, ಇಪ್ಪತ್ತು ಸೆಕೆಂಡಾದರೂ ಉಜ್ಜಿದರೆ ಮಾತ್ರ ಅಂಕ ಎಂದು ಬರೆದರೆ ವಾರ್ಡಿನಲ್ಲೂ ಬಾಟಲಿ ಖಾಲಿಯಾಗತೊಡಗುತ್ತದೆ.

ತಿದ್ದುವುದರ ಬಗ್ಗೆ ಹೇಳದೆ ಹೋದರೆ ತಪ್ಪಾದೀತು. 'ಛಲೋ ಮಾಡಿದಿ' ಎಂದರೆ ತಿದ್ದಿದಂತಾಗಲಿಲ್ಲ, ರೋಗಿಯ ಎದುರಿಗೆ ಗದರಿದರೂ ಆಗಲಿಲ್ಲ. ಕೆಲಸ ಮುಗಿದ ಕೂಡಲೇ ಬಾಗಿಲಾಚೆ ಕರೆದು ಮೊದಲು 'ಯಾವುದು ಸರಿ ಹೋಯಿತು, ಯಾವುದು ಹೋಗಲಿಲ್ಲ' ಎಂದು ಅವನನ್ನೇ ಕೇಳಬೇಕು. ಆಮೇಲೆ ಕಣ್ಣಾರೆ ಕಂಡ ಒಂದೇ ಒಂದು ತಪ್ಪು ಹೇಳಬೇಕು. ಏಳು ಹೇಳಿದರೆ ಏಳೂ ಹಾರಿಹೋಗುತ್ತವೆ.

ಕಾಲೇಜುಗಳ ಆಡಳಿತದವರಿಗೆ ನಮ್ಮ ಕೋರಿಕೆಗಳು ದೊಡ್ಡವೇನಲ್ಲ. ಲಾಗ್‌ಬುಕ್‌ನಲ್ಲಿ ನೋಡಿದ್ದು, ಎದುರಿಗೆ ನಿಲ್ಲಿಸಿಕೊಂಡು ಮಾಡಿಸಿದ್ದು, ತಾನೇ ಮಾಡಿದ್ದು ಎಂಬ ಮೂರು ಬೇರೆ ಕಾಲಂ ಇರಲಿ. ಅದೇ ದಿನ ಸಹಿಯಾಗದ್ದು ಲೆಕ್ಕಕ್ಕೆ ಬೇಡ. ನರ ಹುಡುಕಿ ಸೂಜಿ ಹಾಕುವುದರಲ್ಲಿ ವಾರ್ಡಿನ ಹಿರಿಯ ಸಿಸ್ಟರುಗಳನ್ನು ಮೀರಿಸುವ ಡಾಕ್ಟರುಗಳು ವಿರಳ. ಆ ಕೆಲಸದ ಕಾಲಂಗೆ ಅವರೂ ಸಹಿ ಹಾಕುವಂತಾಗಲಿ. ಇದಕ್ಕೆ ಹುಬ್ಬೇರಿಸುವವರು ಒಮ್ಮೆ ಮಕ್ಕಳ ವಾರ್ಡಿಗೆ ಹೋಗಿ ನೋಡಿಬರಲಿ. ಕೌಶಲ ಪ್ರಯೋಗಾಲಯಕ್ಕೆ ಸಂಜೆ ಕಚೇರಿ ಮುಚ್ಚುವಾಗಲೇ ಬೀಗ ಬೀಳುತ್ತದೆ, ವಿದ್ಯಾರ್ಥಿಗಳಿಗೆ ಬಿಡುವು ಸಿಗುವುದು ಆಮೇಲೆ. ಐದರಿಂದ ಎಂಟರವರೆಗೆ ಒಬ್ಬ ಇಂಟರ್ನ್ ಉಸ್ತುವಾರಿಯಲ್ಲಿ ತೆರೆದಿಡಲಿ. ಮಾದರಿ ತೋಳು ಕೊಳ್ಳುವ ಆದೇಶದಲ್ಲೇ ಎರಡು ವರ್ಷಕ್ಕೆ ಸಾಲುವ ಬದಲಿ ಚರ್ಮವೂ ಸೇರಿರಲಿ.

ಓದುಗರಿಗೂ ಒಂದು ಮಾತು. ವಿದ್ಯಾರ್ಥಿ ತಾನು ವಿದ್ಯಾರ್ಥಿ ಎಂದು ಹೆಸರು ಹೇಳಿ, ಕೇಳಿ, ಒಪ್ಪಿಗೆ ಪಡೆದೇ ಮುಟ್ಟಬೇಕು. ಬೇಡ ಎನ್ನುವ ಹಕ್ಕು ನಿಮಗಿದೆ, ಬೇಡ ಎಂದರೆ ಚಿಕಿತ್ಸೆಯಲ್ಲಿ ಕೊರತೆ ಆಗಬಾರದು. ಆದರೆ ಅವನು ಹೆಸರು, ಊರು ಕೇಳಿ, ಸ್ಪಿರಿಟ್ ಆರುವವರೆಗೆ ಕಾದು ನಿಂತಿದ್ದರೆ, ಕೈ ಕೊಡಿ.

ಇಂತಿ,
ವೈದ್ಯಕೀಯ ಬೋಧನೆಯಲ್ಲಿ ತೊಡಗಿರುವ ಕೆಲವರು
ಹುಬ್ಬಳ್ಳಿ-ಧಾರವಾಡ